ಗುರುವಿನ ನುಡಿ, ಮಗುವಿನ ಮನ: ವಾಚಿಕ ಹಿಂಸೆಯ ಕುರಿತು ಒಂದು ವಿಚಾರ

ಮನಸ್ಸು, ಮಾತು, ಕಾಯ ಎಂಬ ಮೂರು ದ್ವಾರಗಳಿಂದ ಮನುಷ್ಯನು ಲೋಕದೊಡನೆ ವ್ಯವಹರಿಸುತ್ತಾನೆ. ಇವುಗಳಲ್ಲಿ ಕಾಯದಿಂದಾಗುವ ಹಿಂಸೆ ಕಣ್ಣಿಗೆ ಕಾಣುತ್ತದೆ; ಸಮಾಜವು ಅದನ್ನು ತಡೆಯುತ್ತದೆ, ಕಾನೂನು ದಂಡಿಸುತ್ತದೆ. ಮನಸ್ಸಿನ ಹಿಂಸೆ ಮಾಡಿದವನಲ್ಲಿಯೇ ಉಳಿದು ಅವನನ್ನೇ ಸುಡುತ್ತದೆ. ಮಾತಿನ ಹಿಂಸೆಯಾದರೋ ಇವೆರಡರ ನಡುವೆ ಇರುವಂಥದು. ಅದು ಮತ್ತೊಬ್ಬರನ್ನು ತಲುಪುತ್ತದೆ, ಆದರೆ ಗಾಯದ ಗುರುತನ್ನು ಹೊರಗೆ ಬಿಡುವುದಿಲ್ಲ. ಆಡಿದವನು ಮರೆತ ಬಳಿಕವೂ ಕೇಳಿದವನಲ್ಲಿ ಅದು ಬಹುಕಾಲ ಬಾಳುತ್ತದೆ. ಕೇಳಿದವನು ಬೆಳೆದ ಮನುಷ್ಯನಾಗಿದ್ದರೆ ಆ ಮಾತನ್ನು ತೂಗಿ ನೋಡಿ, ತಳ್ಳಿಹಾಕಬಲ್ಲನು. ಕೇಳಿದ್ದು ಮಗುವಾದರೆ ಅದರ ಬಳಿ ತೂಗುವ ತಕ್ಕಡಿಯೇ ಇರುವುದಿಲ್ಲ. ಹಿರಿಯರು ಅದನ್ನು ಏನೆಂದು ಕರೆದರೋ ಅದೇ ತಾನೆಂದು ಮಗು ನಂಬುತ್ತದೆ.

ಈ ಕಾರಣದಿಂದಲೇ ಶಿಕ್ಷಕರ ಮಾತಿಗೆ ಇತರರ ಮಾತಿಗಿಲ್ಲದ ಹೊಣೆಯಿದೆ. ತಾಯಿತಂದೆಯರ ನಂತರ ಮಗುವಿನೊಡನೆ ಅತಿ ಹೆಚ್ಚು ಮಾತನಾಡುವವರು ಅವರು. ಅವರ ಮಾತು ಇಡೀ ತರಗತಿಯ ಎದುರಿನಲ್ಲಿ ನಡೆಯುತ್ತದೆ, ದಾಖಲೆಗೆ ಸೇರುತ್ತದೆ, ಮುಂದಿನ ವರ್ಷದ ಶಿಕ್ಷಕರಿಗೂ ತಲುಪುತ್ತದೆ. ಇಂಥ ಸ್ಥಾನದಲ್ಲಿರುವವರು ದ್ವೇಷವಿಲ್ಲದೆ, ನಿಯಮಕ್ಕೆ ಅನುಸಾರವಾಗಿಯೇ, ಒಂದು ಬಗೆಯ ಮಕ್ಕಳನ್ನು ನಿರಂತರವಾಗಿ ನೋಯಿಸುತ್ತಿದ್ದರೆ ಅದನ್ನು ಹಿಂಸೆ ಎನ್ನಬಹುದೆ? ಎನ್ನಬಹುದಾದರೆ, ಅದನ್ನು ಬಿಡಿಸುವುದು ಶಿಕ್ಷಣದಿಂದ ಸಾಧ್ಯವೆ? ಈ ಎರಡು ಪ್ರಶ್ನೆಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಶಾಲೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ನಿರ್ದಿಷ್ಟ ರೂಪ ತಾಳಿವೆ. ಆಫ್ರಿಕನ್ ಮೂಲದ ಕಪ್ಪು ಬಾಲಕಿಯರೊಡನೆ ಶಿಕ್ಷಕರು ಹೇಗೆ ಮಾತನಾಡುತ್ತಾರೆ, ಹೇಗೆ ಮಾತನಾಡಬೇಕು, ಅದಕ್ಕಾಗಿ ಅವರಿಗೆ ಯಾವ ತರಬೇತಿ ಬೇಕು ಎಂಬುದೇ ಆ ರೂಪ. ವಿಷಯವು ದೂರದೇಶದ್ದು, ಆದರೆ ಅದರೊಳಗಿರುವ ಧರ್ಮಪ್ರಶ್ನೆ ಎಲ್ಲ ದೇಶಕ್ಕೂ ಸಲ್ಲುವಂಥದು.

ಮೊದಲು ಸ್ವಲ್ಪ ಇತಿಹಾಸವನ್ನು ನೆನೆಯುವುದು ಉಚಿತ. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬಿಳಿಯ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಆದರೆ ದಕ್ಷಿಣದ ರಾಜ್ಯಗಳು ಬಹುಕಾಲ ಅದಕ್ಕೆ ಮಣಿಯಲಿಲ್ಲ. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್ ನಗರದ ವಿಲಿಯಂ ಫ್ರಾಂಟ್ಜ್ ಪ್ರಾಥಮಿಕ ಶಾಲೆಗೆ ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಬಾಲಕಿ ಕೇಂದ್ರ ಸರ್ಕಾರದ ಮಾರ್ಷಲ್‌ಗಳ ಕಾವಲಿನಲ್ಲಿ ಕಾಲಿಟ್ಟಳು. ಬಾಗಿಲಲ್ಲಿ ನೆರೆದ ಗುಂಪು ಅವಳ ಮೇಲೆ ಬೈಗುಳ ಸುರಿಸಿತು. ಬಿಳಿಯ ತಾಯಿತಂದೆಯರು ತಮ್ಮ ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಹೋದರು. ಅವಳಿಗೆ ಪಾಠ ಹೇಳಲು ಮುಂದೆ ಬಂದವರು ಬಾಸ್ಟನ್ ನಗರದಿಂದ ಬಂದಿದ್ದ ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ. ಆ ವರ್ಷವಿಡೀ ಒಂದು ಖಾಲಿ ಕೊಠಡಿಯಲ್ಲಿ ಆಕೆ ಆ ಒಬ್ಬಳೇ ವಿದ್ಯಾರ್ಥಿನಿಯ ಪಕ್ಕದಲ್ಲಿ ಕುಳಿತು ಪಾಠ ಮಾಡಿದರು. ಹೊರಗೆ ಕೂಗುವವರ ಮೈಬಣ್ಣವೂ ಒಳಗೆ ಕಲಿಸುವವರ ಮೈಬಣ್ಣವೂ ಒಂದೇ ಆಗಿದ್ದವು. ಆದರೆ ಅವರ ನಡತೆ ಬೇರೆಯಾಗಿತ್ತು ಎಂದು ರೂಬಿ ಬ್ರಿಡ್ಜಸ್ ಮುಂದೆ ದೊಡ್ಡವರಾದ ಮೇಲೆ ಸ್ಮರಿಸಿದ್ದಾರೆ. ಬಣ್ಣದಿಂದ ಮನುಷ್ಯರನ್ನು ಅಳೆಯುವುದು ಎಷ್ಟು ತಪ್ಪೆಂಬ ಪಾಠವನ್ನು, ಹೀಗೆ, ಅತ್ಯಂತ ನೊಂದ ಮಗುವೇ ಆ ಶಿಕ್ಷಕಿಯ ನಡೆನುಡಿಯಿಂದ ಕಲಿತಿತು.

ಇದೇ ಇತಿಹಾಸಕ್ಕೆ ಮತ್ತೊಂದು ಮುಖವಿದೆ. ಪ್ರತ್ಯೇಕ ಶಾಲೆಗಳು ಮುಚ್ಚಿದಾಗ ಅಲ್ಲಿದ್ದ ಕಪ್ಪು ಶಿಕ್ಷಕರಿಗೆ ಹೊಸ ಶಾಲೆಗಳಲ್ಲಿ ಸ್ಥಾನ ದೊರೆಯಲಿಲ್ಲ. 1954ರಿಂದ 1965ರವರೆಗೆ ದಕ್ಷಿಣದ ಮತ್ತು ಅದರ ಗಡಿಯ 17 ರಾಜ್ಯಗಳಲ್ಲಿ 38,000ಕ್ಕೂ ಹೆಚ್ಚು ಕಪ್ಪು ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರೆಂದು ಅಂದಾಜು ಮಾಡಲಾಗಿದೆ. ಬೆಲ್ ಹುಕ್ಸ್ ಎಂಬ ಲೇಖಕಿ 1994ರಲ್ಲಿ ಪ್ರಕಟಿಸಿದ ತಮ್ಮ ಶಿಕ್ಷಣಚಿಂತನೆಯ ಗ್ರಂಥದಲ್ಲಿ ಈ ಬದಲಾವಣೆಯನ್ನು ಒಳಗಿನಿಂದ ವಿವರಿಸಿದ್ದಾರೆ. ಕೆಂಟಕಿ ರಾಜ್ಯದಲ್ಲಿ ಅವರು ಮೊದಲು ಓದಿದ ಕಪ್ಪು ಮಕ್ಕಳ ಶಾಲೆಯ ಶಿಕ್ಷಕಿಯರು ಪ್ರತಿ ಮಗುವಿನ ಮನೆಯನ್ನು, ಕುಲವನ್ನು, ಕಷ್ಟಸುಖವನ್ನು ಬಲ್ಲವರಾಗಿದ್ದರು. ಕಲಿಸುವುದು ಅವರಿಗೆ ವ್ರತವಾಗಿತ್ತು. ಎಲ್ಲರೂ ಕೂಡಿ ಓದುವ ಶಾಲೆಗೆ ಬಂದಾಗ, ಬುದ್ಧಿಯನ್ನಲ್ಲ, ವಿಧೇಯತೆಯನ್ನು ತಮ್ಮಿಂದ ಬಯಸುತ್ತಾರೆಂಬುದು ಅವರ ಅನುಭವಕ್ಕೆ ಬಂತು. ಇಂದಿಗೂ ಈ ಅಂತರ ಮುಚ್ಚಿಲ್ಲ. 2020–21ನೆಯ ಸಾಲಿನಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇಕಡ 15ರಷ್ಟು ಕಪ್ಪು ಮಕ್ಕಳಿದ್ದರೆ, ಶಿಕ್ಷಕರಲ್ಲಿ ಕಪ್ಪು ಜನಾಂಗದವರು ಶೇಕಡ 6ರಷ್ಟು ಮಾತ್ರ ಇದ್ದರು. ಆದ್ದರಿಂದ ಬಹುಪಾಲು ಕಪ್ಪು ಬಾಲಕಿಯರು ತಮ್ಮ ಮನೆಯ ಮಾತಿನ ಧಾಟಿಯನ್ನು ಅರಿಯದ ಹಿರಿಯರ ಕೈಕೆಳಗೆ ಕಲಿಯುತ್ತಾರೆ.

ಪರಿಣಾಮವನ್ನು ಸರ್ಕಾರದ ಅಂಕಿಸಂಖ್ಯೆಗಳೇ ಹೇಳುತ್ತವೆ. 2011–12ನೆಯ ಸಾಲಿನಲ್ಲಿ ಕಪ್ಪು ಬಾಲಕಿಯರಲ್ಲಿ ಶೇಕಡ 12ರಷ್ಟು ಮಂದಿಯನ್ನು ಶಾಲೆಯಿಂದ ತಾತ್ಕಾಲಿಕವಾಗಿ ಹೊರಗಿಡಲಾಯಿತು. ಬಿಳಿಯ ಬಾಲಕಿಯರಲ್ಲಿ ಈ ಪ್ರಮಾಣ ಶೇಕಡ 2 ಮಾತ್ರ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತಿಗೆ ಲೆಕ್ಕಪರಿಶೋಧನ ಸಂಸ್ಥೆಯೊಂದು ಸಲ್ಲಿಸಿದ ವರದಿಯ ಪ್ರಕಾರ, 2017–18ರಲ್ಲಿ ಸರ್ಕಾರಿ ಶಾಲೆಗಳ ಬಾಲಕಿಯರಲ್ಲಿ ಕಪ್ಪು ಬಾಲಕಿಯರು ಶೇಕಡ 15ರಷ್ಟಿದ್ದರೂ, ಬಾಲಕಿಯರನ್ನು ಶಾಲೆಯಿಂದ ಹೊರಗಿಟ್ಟ ಪ್ರಕರಣಗಳಲ್ಲಿ ಶೇಕಡ 45ರಷ್ಟು ಅವರ ಪಾಲಿಗೆ ಬಂದಿದ್ದವು. ಒಂದೇ ಬಗೆಯ ವರ್ತನೆಗೆ ಇತರ ಬಾಲಕಿಯರಿಗಿಂತ ಅವರಿಗೆ ಹೆಚ್ಚು ಕಠಿಣ ಶಿಕ್ಷೆ ದೊರೆತದ್ದೂ ಆ ವರದಿಯಲ್ಲಿ ಕಂಡುಬಂದಿದೆ.

ಇಲ್ಲಿ ಯಾವ ಅಪರಾಧಕ್ಕೆ ಶಿಕ್ಷೆ ಎಂಬುದು ಮುಖ್ಯ. ಕಳವಾದರೆ ವಸ್ತು ಇಲ್ಲವಾಗುತ್ತದೆ, ಹೊಡೆದರೆ ಗಾಯವಾಗುತ್ತದೆ, ಇವುಗಳಿಗೆ ಸಾಕ್ಷಿಯಿದೆ. ಆದರೆ ಅವಿಧೇಯತೆ, ಅಗೌರವ, ಉದ್ಧಟತನ ಎಂಬ ಹೆಸರಿನಲ್ಲಿ ಬರೆಯಲ್ಪಡುವ ಅಪರಾಧಗಳಿಗೆ ಕೇಳುವವನ ಕಿವಿಯೇ ಸಾಕ್ಷಿ, ಅವನೇ ನ್ಯಾಯಾಧೀಶ. ಲೆಕ್ಕದಲ್ಲಿ ಅಂಕ ಕಡಿಮೆ ಬಂದ ಒಬ್ಬ ಹುಡುಗಿ ಎದ್ದುನಿಂತು, "ಇದು ಯಾಕೆ ತಪ್ಪು?" ಎಂದು ಗಟ್ಟಿಯಾಗಿ ಕೇಳುತ್ತಾಳೆನ್ನೋಣ. ಒಬ್ಬ ಶಿಕ್ಷಕರಿಗೆ ಅದರಲ್ಲಿ ಕಲಿಯುವ ಹಂಬಲ ಕೇಳಿಸುತ್ತದೆ. ಇನ್ನೊಬ್ಬರಿಗೆ ಎದುರುತ್ತರ ಕೇಳಿಸುತ್ತದೆ. ಹುಡುಗಿ ಆಡಿದ ಮಾತು ಒಂದೇ. ಮೊದಲನೆಯ ತರಗತಿಯಲ್ಲಿ ಅವಳು ಲೆಕ್ಕ ಕಲಿಯುತ್ತಾಳೆ. ಎರಡನೆಯದರಲ್ಲಿ ಬಾಗಿಲ ಹೊರಗೆ ನಿಲ್ಲುತ್ತಾಳೆ.

ಕೇಳುವ ಕಿವಿ ಏಕೆ ಹೀಗೆ ವ್ಯತ್ಯಾಸಗೊಳ್ಳುತ್ತದೆ? ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಕೇಂದ್ರದ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಒಂದು ಉತ್ತರವನ್ನು ಕೊಡುತ್ತದೆ. ಅವರು ವಿವಿಧ ಜನಾಂಗಗಳ 325 ಮಂದಿ ವಯಸ್ಕರನ್ನು ಬಾಲಕಿಯರ ಬಗ್ಗೆ ಪ್ರಶ್ನಿಸಿದರು. ಅದೇ ವಯಸ್ಸಿನ ಬಿಳಿಯ ಬಾಲಕಿಯರಿಗೆ ಹೋಲಿಸಿದರೆ ಕಪ್ಪು ಬಾಲಕಿಯರಿಗೆ ಲಾಲನೆ ಕಡಿಮೆ ಸಾಕು, ರಕ್ಷಣೆ ಕಡಿಮೆ ಸಾಕು, ಸಾಂತ್ವನ ಕಡಿಮೆ ಸಾಕು, ದೊಡ್ಡವರ ವಿಷಯಗಳು ಅವರಿಗೆ ಹೆಚ್ಚು ಗೊತ್ತು ಎಂಬ ಅಭಿಪ್ರಾಯ ಉತ್ತರಗಳಲ್ಲಿ ವ್ಯಕ್ತವಾಯಿತು. ಐದನೆಯ ವಯಸ್ಸಿನಿಂದಲೇ ಈ ಭಾವನೆ ಮೊದಲಾಗಿ, ಐದರಿಂದ ಹದಿನಾಲ್ಕರ ನಡುವೆ ಅತ್ಯಂತ ಗಾಢವಾಗಿತ್ತು. ಹೀಗೆ, ಮಗುವನ್ನು ಮಗುವೆಂದು ಕಾಣದ ದೃಷ್ಟಿಯೊಂದು ಸಮಾಜದಲ್ಲಿ ಹರಡಿದೆ. ಮಗು ಮಾಡಿದ್ದು ತಪ್ಪಾದರೆ ತಿದ್ದುತ್ತಾರೆ. ದೊಡ್ಡವರು ಮಾಡಿದ್ದು ತಪ್ಪಾದರೆ ದಂಡಿಸುತ್ತಾರೆ. ಹತ್ತು ವರ್ಷದವಳನ್ನು ಒಳಗಣ್ಣು ಹದಿನೈದು ವರ್ಷದವಳೆಂದು ಎಣಿಸಿದ ಕ್ಷಣದಲ್ಲಿಯೇ ತಿದ್ದುವ ಮಾತು ದಂಡಿಸುವ ಮಾತಾಗಿ ಮಾರ್ಪಡುತ್ತದೆ.

2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಶಿಕ್ಷಕರಾಗಲು ಓದುತ್ತಿದ್ದ 178 ಮಂದಿಗೆ ಮಕ್ಕಳ ಮುಖಭಾವಗಳನ್ನು ತೋರಿಸಿ ಭಾವವನ್ನು ಗುರುತಿಸುವಂತೆ ಕೇಳಲಾಯಿತು. ಕೋಪವಿಲ್ಲದ ಮುಖದಲ್ಲಿ ಕೋಪವನ್ನು ಕಾಣುವ ತಪ್ಪು ಬಿಳಿಯ ಮಕ್ಕಳಿಗಿಂತ ಕಪ್ಪು ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ನಡೆಯಿತು. ಇಲ್ಲದ ಕೋಪವನ್ನು ಕಂಡವರು ಅದಕ್ಕೆ ತಕ್ಕ ಗಡಸು ಮಾತನ್ನು ಆಡುತ್ತಾರೆ. ಆ ಗಡಸಿಗೆ ಮಗುವಿನಲ್ಲಿ ನಿಜವಾದ ಕೋಪ ಹುಟ್ಟುತ್ತದೆ. ಆಗ ತಾವು ಮೊದಲೇ ಊಹಿಸಿದ್ದು ಸರಿಯಾಯಿತೆಂದು ಹಿರಿಯರಿಗೆ ತೋರುತ್ತದೆ. ಸಂಶಯವು ತನ್ನ ಸಾಕ್ಷಿಯನ್ನು ತಾನೇ ಸೃಷ್ಟಿಸಿಕೊಳ್ಳುವ ಬಗೆ ಇದು.

ಈ ಸರಪಳಿ ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ನಿದರ್ಶನಗಳುಂಟು. 2015ರ ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಒಂದು ಪ್ರೌಢಶಾಲೆಯಲ್ಲಿ, ತರಗತಿಯಿಂದ ಹೊರಗೆ ಹೋಗಲು ಒಪ್ಪದ ಕಪ್ಪು ಬಾಲಕಿಯೊಬ್ಬಳನ್ನು ಶಾಲೆಯ ಕಾವಲಿಗಿದ್ದ ಪೊಲೀಸ್ ಅಧಿಕಾರಿಯು ಮೇಜಿನ ಸಮೇತ ಕೆಡವಿ ಎಳೆದೊಯ್ದನು. ಇದನ್ನು ಪ್ರತಿಭಟಿಸಿದ ಸಹಪಾಠಿನಿಯನ್ನೂ ಬಂಧಿಸಲಾಯಿತು. ಅಧಿಕಾರಿಯು ಕೆಲಸ ಕಳೆದುಕೊಂಡನು. ಶಾಲೆಯಲ್ಲಿ ಗೊಂದಲ ಮಾಡುವುದನ್ನೇ ಅಪರಾಧವಾಗಿಸಿದ್ದ ರಾಜ್ಯದ ಕಾನೂನು 2018ರಲ್ಲಿ ತಿದ್ದುಪಡಿಯಾಯಿತು. 2019ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ನಗರದಲ್ಲಿ ಹಟ ಹಿಡಿದು ರಂಪಮಾಡಿದ ಆರು ವರ್ಷದ ಕಪ್ಪು ಬಾಲಕಿಯ ಕೈ ಕಟ್ಟಿ ಪೊಲೀಸರು ಕರೆದೊಯ್ದರು. ಆರು ವರ್ಷದ ಮಗುವಿನ ಹಟ ಎಲ್ಲ ಮನೆಗಳಲ್ಲಿಯೂ ಇರುವಂಥದು. ಅದನ್ನು ಸಂತೈಸುವ ಮಾತು ಎಲ್ಲಿ ಮುಗಿಯಿತೋ ಅಲ್ಲಿಂದ ಈ ಘಟನೆ ಆರಂಭವಾಯಿತು.

ಈಗ ಮೊದಲನೆಯ ಧರ್ಮಪ್ರಶ್ನೆಗೆ ಬರಬಹುದು. ಈ ಶಿಕ್ಷಕರಲ್ಲಿ ಬಹುಮಂದಿ ಸಜ್ಜನರು. ಕಪ್ಪು ಮಕ್ಕಳನ್ನು ದ್ವೇಷಿಸುವಿರಾ ಎಂದು ಕೇಳಿದರೆ ಅವರಿಗೆ ನೋವಾಗುತ್ತದೆ. "ನನ್ನ ನಿಯಮ ಎಲ್ಲರಿಗೂ ಒಂದೇ" ಎಂದು ಅವರು ಪ್ರಾಮಾಣಿಕವಾಗಿ ಹೇಳುತ್ತಾರೆ. ದ್ವೇಷವಿಲ್ಲದಲ್ಲಿ ಹಿಂಸೆಯಿಲ್ಲ ಎನ್ನುವುದಾದರೆ ಇಲ್ಲಿ ವಿಚಾರಿಸಲು ಏನೂ ಉಳಿಯುವುದಿಲ್ಲ. ಆದರೆ ಹಿಂಸೆಯ ಸ್ವರೂಪವನ್ನು ವಿವೇಚಿಸಿದ ಜೈನಾಚಾರ್ಯರು ಅದರ ಮೂಲವನ್ನು ದ್ವೇಷದಲ್ಲಿ ಮಾತ್ರ ಗುರುತಿಸಲಿಲ್ಲ. ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸಿದರು. ಹಾದಿಯನ್ನು ನೋಡದೆ ನಡೆಯುವವನಿಗೆ ಇರುವೆಯ ಮೇಲೆ ಹಗೆಯಿಲ್ಲ; ಆದರೂ ನೋಡದಿರುವ ದೋಷ ಅವನದೇ. ನಡೆಯುವಲ್ಲಿ ಕಣ್ಣಿನ ಎಚ್ಚರ ಹೇಗೆ ಬೇಕೋ ನುಡಿಯುವಲ್ಲಿ ಕಿವಿಯ ಮತ್ತು ಮನಸ್ಸಿನ ಎಚ್ಚರ ಹಾಗೆಯೇ ಬೇಕೆಂಬುದು ಭಾಷಾಸಮಿತಿಯ ತಾತ್ಪರ್ಯ. ಈ ದೃಷ್ಟಿಯಿಂದ ನೋಡಿದರೆ ಶಿಕ್ಷಕರ ಸದುದ್ದೇಶವು ಅವರನ್ನು ದ್ವೇಷದ ಆರೋಪದಿಂದ ಬಿಡಿಸುತ್ತದೆಯೇ ಹೊರತು ಪ್ರಮಾದದ ಹೊಣೆಯಿಂದಲ್ಲ. ನಿಯಮ ಒಂದೇ ಇದ್ದರೂ ಅದನ್ನು ಹಿಡಿದ ಕಿವಿ ಒಂದೇ ಆಗಿಲ್ಲದಿದ್ದರೆ ಸಮತೆ ಹೆಸರಿಗೆ ಮಾತ್ರ ಉಳಿಯುತ್ತದೆ. ತಕ್ಕಡಿ ಒಂದೇ, ಆದರೆ ಒಂದು ತಟ್ಟೆಯ ಅಡಿಗೆ ಮೇಣ ಅಂಟಿದೆ. ವ್ಯಾಪಾರಿಗೆ ಅದು ತಿಳಿಯದೆಯೂ ಇರಬಹುದು. ತಿಳಿಯುವವರೆಗೆ ಅವನು ಮೋಸಗಾರನಲ್ಲ. ತಿಳಿಸಿದ ಮೇಲೆಯೂ ತಟ್ಟೆಯನ್ನು ತೊಳೆಯದಿದ್ದರೆ ಅವನಿಗೆ ಬೇರೆ ಹೆಸರಿಲ್ಲ.

ಇದಕ್ಕೆ ಎದುರಾಗಿ ಬರುವ ಒಂದು ಆಕ್ಷೇಪವನ್ನು ಗೌರವದಿಂದ ಕೇಳಬೇಕು. ತರಗತಿಯಲ್ಲಿ ಒಬ್ಬಳೇ ಬಾಲಕಿಯಿಲ್ಲ; ಇನ್ನೂ ಹಲವು ಮಕ್ಕಳಿದ್ದಾರೆ. ಒಬ್ಬಳ ಮನಸ್ಸನ್ನು ಕಾಯಲು ಹೋಗಿ ಎಲ್ಲರ ಪಾಠವನ್ನು ಕೆಡಿಸುವುದು ಯಾವ ನ್ಯಾಯ? ಮೃದುಮಾತಿನಿಂದ ಶಿಸ್ತು ಸಡಿಲವಾದರೆ ಕೊನೆಗೆ ನಷ್ಟವಾಗುವುದು ಆ ಬಾಲಕಿಗೇ ಅಲ್ಲವೆ? ಈ ಆಕ್ಷೇಪದಲ್ಲಿ ತಥ್ಯಾಂಶವಿದೆ. ಪಿಟ್ಸ್‌ಬರ್ಗ್ ನಗರದ 44 ಶಾಲೆಗಳಲ್ಲಿ 2015ರಿಂದ 2017ರವರೆಗೆ, ದಂಡನೆಗೆ ಬದಲಾಗಿ ಪರಸ್ಪರ ಮಾತುಕತೆಯಿಂದ ಸಂಬಂಧವನ್ನು ಸರಿಪಡಿಸುವ ಕ್ರಮವನ್ನು ಪರೀಕ್ಷಿಸಿ ನೋಡಿದರು. ಹೊರಗಿಡುವ ಶಿಕ್ಷೆ ಕಡಿಮೆಯಾಯಿತು, ಕಪ್ಪು ಮತ್ತು ಬಿಳಿಯ ಮಕ್ಕಳ ನಡುವಿನ ಅಂತರವೂ ಕುಗ್ಗಿತು. ಆದರೆ ಆರರಿಂದ ಎಂಟನೆಯ ತರಗತಿಯ ಮಕ್ಕಳ ಕಲಿಕೆ ಸುಧಾರಿಸುವ ಬದಲು ಹಿಂದೆ ಬಿದ್ದಿತು. ಆದ್ದರಿಂದ ಶಿಕ್ಷೆಯನ್ನು ಕಡಿಮೆ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂಬುದು ಸುಲಭದ ಭ್ರಮೆ.

ಆದರೆ ಆಕ್ಷೇಪವು ಬೆಂಬಲದ ಮಾತನ್ನೂ ಸಡಿಲಿಕೆಯ ಮಾತನ್ನೂ ಒಂದೆಂದು ಎಣಿಸುತ್ತದೆ. ಅಲ್ಲಿ ಅದು ಎಡವುತ್ತದೆ. 2014ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಏಳನೆಯ ತರಗತಿಯ ಮಕ್ಕಳು ತಾವು ಮೆಚ್ಚುವ ವ್ಯಕ್ತಿಯೊಬ್ಬರ ಬಗ್ಗೆ ಪ್ರಬಂಧ ಬರೆದರು. ಶಿಕ್ಷಕರು ಎಂದಿನಂತೆ ತಪ್ಪುಗಳನ್ನು ತಿದ್ದಿದರು. ಕೆಲವರ ಹಾಳೆಗೆ ಮಾತ್ರ ಒಂದು ಚೀಟಿಯನ್ನು ಲಗತ್ತಿಸಲಾಯಿತು: ಶಿಕ್ಷಕರು ವಿದ್ಯಾರ್ಥಿಯಿಂದ ಬಹಳ ಎತ್ತರದ್ದನ್ನು ನಿರೀಕ್ಷಿಸುತ್ತಾರೆ, ಅದನ್ನು ಮುಟ್ಟುವ ಶಕ್ತಿ ಅವನಿಗೆ ಅಥವಾ ಅವಳಿಗೆ ಇದೆಯೆಂದು ನಂಬಿದ್ದಾರೆ, ಆದ್ದರಿಂದಲೇ ಇಷ್ಟು ತಿದ್ದಿದ್ದಾರೆ ಎಂಬುದು ಅದರ ಅರ್ಥ. ಉಳಿದವರಿಗೆ ಸಾಧಾರಣ ಚೀಟಿ. ಸಾಧಾರಣ ಚೀಟಿ ಪಡೆದ ಕಪ್ಪು ಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಪ್ರಬಂಧವನ್ನು ಮತ್ತೆ ಬರೆದು ತಂದರು. ಮೊದಲ ಬಗೆಯ ಚೀಟಿ ಪಡೆದವರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ತಂದರು. ಇಲ್ಲಿ ಒಂದು ತಪ್ಪನ್ನೂ ಮುಚ್ಚಿಡಲಿಲ್ಲ, ಒಂದು ಅಂಕವನ್ನೂ ಹೆಚ್ಚಿಗೆ ಕೊಡಲಿಲ್ಲ. ತಿದ್ದುವ ಕೈ ತನ್ನನ್ನು ಹೀನಳೆಂದು ತಿಳಿದಿಲ್ಲ ಎಂಬ ಭರವಸೆಯಷ್ಟೇ ದೊರೆತದ್ದು. ಮಗುವಿನಿಂದ ಕಡಿಮೆ ನಿರೀಕ್ಷಿಸುವುದು ಕರುಣೆಯಲ್ಲ. ಅದು ಮುಗುಳ್ನಗೆ ಹೊತ್ತ ತಿರಸ್ಕಾರ. ಹಿತವಾದುದನ್ನು ಹೇಳಬೇಕು, ಅದನ್ನು ಕೇಳುವವರು ಸ್ವೀಕರಿಸಬಲ್ಲ ಬಗೆಯಲ್ಲಿ ಹೇಳಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟರೂ ಮಾತು ತನ್ನ ಕೆಲಸವನ್ನು ಮಾಡುವುದಿಲ್ಲ.

ಎರಡನೆಯ ಪ್ರಶ್ನೆ, ಇದನ್ನು ಶಿಕ್ಷಕರಿಗೆ ಕಲಿಸಲು ಸಾಧ್ಯವೆ ಎಂಬುದು. ಸಾಧ್ಯ, ಆದರೆ ಎಲ್ಲ ಬಗೆಯ ತರಬೇತಿಯಿಂದಲೂ ಅಲ್ಲ. ಒಂದು ದಿನ ಎಲ್ಲರನ್ನೂ ಕೂಡಿಸಿ, ನಿಮ್ಮೊಳಗೆ ಪೂರ್ವಗ್ರಹವಿದೆ ಎಂದು ಉಪನ್ಯಾಸ ಮಾಡಿ ಕಳುಹಿಸುವ ಪದ್ಧತಿ ಬಹಳ ಕಡೆ ನಡೆದಿದೆ. ಒಳಗಿನ ಪೂರ್ವಗ್ರಹವನ್ನು ಬದಲಿಸುವ ವಿಧಾನಗಳ ಕುರಿತ 492 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪರಿಶೀಲಿಸಿದಾಗ, ಅಳತೆಯಲ್ಲಿ ಕಾಣುವ ಅಲ್ಪ ಬದಲಾವಣೆ ನಡತೆಯ ಬದಲಾವಣೆಯಾಗಿ ಫಲಿಸುವುದಕ್ಕೆ ಆಧಾರ ದೊರೆಯಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ತನ್ನನ್ನು ಅಪರಾಧಿಯೆಂದು ಮೊದಲೇ ತೀರ್ಮಾನಿಸಿದವರ ಮಾತಿಗೆ ಯಾರ ಮನಸ್ಸೂ ತೆರೆಯುವುದಿಲ್ಲ. ಬಾಲಕಿಗೆ ಯಾವುದು ನಿಜವೋ ಶಿಕ್ಷಕರಿಗೂ ಅದೇ ನಿಜ. ಶಿಕ್ಷಕರು ಮಗುವಿನೊಡನೆ ಹೇಗೆ ಮಾತನಾಡಬೇಕೆಂದು ಬಯಸುವೆವೋ ಹಾಗೆ ತರಬೇತಿ ನೀಡುವವರು ಶಿಕ್ಷಕರೊಡನೆ ಮಾತನಾಡಬೇಕು.

ಫಲ ಕೊಟ್ಟ ಪ್ರಯತ್ನಗಳಲ್ಲಿ ಈ ಸೂಕ್ಷ್ಮವು ಕಾಣುತ್ತದೆ. ಜೇಸನ್ ಒಕೊನೊಫುವಾ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಐದು ಶಾಲೆಗಳ 31 ಮಂದಿ ಗಣಿತ ಶಿಕ್ಷಕರೊಡನೆ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅವರು ಶಿಕ್ಷಕರನ್ನು ದೂಷಿಸಲಿಲ್ಲ. ಮಕ್ಕಳು ಏಕೆ ತಪ್ಪು ಮಾಡುತ್ತಾರೆ, ಗೌರವದಿಂದ ನಡೆಸಿಕೊಂಡಾಗ ಅವರಲ್ಲಿ ಏನು ಬದಲಾಗುತ್ತದೆ ಎಂಬ ಬರಹಗಳನ್ನೂ ವಿದ್ಯಾರ್ಥಿಗಳ ಅನುಭವಗಳನ್ನೂ ಓದಲು ಕೊಟ್ಟರು. ಬಳಿಕ, ಇತರ ಶಿಕ್ಷಕರಿಗೆ ನೆರವಾಗುವಂತೆ ತಮ್ಮ ಸ್ವಂತ ರೀತಿಯನ್ನು ಬರೆದು ಕೊಡಿರೆಂದು ಕೇಳಿದರು. ಎಲ್ಲ ಸೇರಿ ಒಂದು ಗಂಟೆಗಿಂತ ತುಸು ಹೆಚ್ಚಿನ ಕೆಲಸ. ಆ ವರ್ಷ ಅವರ ವಿದ್ಯಾರ್ಥಿಗಳಲ್ಲಿ ಶಾಲೆಯಿಂದ ಹೊರಗಿಡಲ್ಪಟ್ಟವರ ಪ್ರಮಾಣ ಶೇಕಡ 4.8; ಈ ಅಭ್ಯಾಸ ಮಾಡದ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಶೇಕಡ 9.6. ಇದು ಎಲ್ಲ ಜನಾಂಗಗಳ ಹುಡುಗ ಹುಡುಗಿಯರನ್ನು ಒಳಗೊಂಡ ಲೆಕ್ಕ. ವರ್ಜೀನಿಯಾ ರಾಜ್ಯದಲ್ಲಿ ನಡೆದ ಇನ್ನೊಂದು ಕ್ರಮ ಹೆಚ್ಚು ಶ್ರಮದ್ದು: ಶಿಕ್ಷಕರು ತಮ್ಮ ಪಾಠವನ್ನು ವಿಡಿಯೊದಲ್ಲಿ ಚಿತ್ರಿಸಿ ಕಳುಹಿಸುತ್ತಾರೆ, ಅನುಭವಿ ಮಾರ್ಗದರ್ಶಕರು ಅದನ್ನು ನೋಡಿ ಅವರೊಡನೆ ಚರ್ಚಿಸುತ್ತಾರೆ, ಹೀಗೆ ಎರಡು ವರ್ಷ. ಆ ಶಿಕ್ಷಕರ ತರಗತಿಗಳಲ್ಲಿ ಶಿಸ್ತಿನ ಕಾರಣಕ್ಕೆ ಹೊರಗೆ ಕಳುಹಿಸುವಲ್ಲಿ ಕಪ್ಪು ಮಕ್ಕಳಿಗೂ ಇತರರಿಗೂ ಇದ್ದ ಭೇದ ಗಣನೀಯವಾಗಿ ಉಳಿಯಲಿಲ್ಲ. ಬೇರೆ ತರಗತಿಗಳಲ್ಲಿ ಉಳಿದೇ ಇತ್ತು. ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಅವಕಾಶ ದೊರೆತರೆ ಸಜ್ಜನರು ತಾವಾಗಿಯೇ ತಿದ್ದಿಕೊಳ್ಳುತ್ತಾರೆಂದು ಇದರಿಂದ ತಿಳಿಯಬಹುದು.

ಇಂಥ ತರಬೇತಿಯಲ್ಲಿ ಅಭ್ಯಾಸಮಾಡಬೇಕಾದ ಸಂಗತಿಗಳು ಬಹಳ ಸರಳ. ಮಗುವಿನ ಹೆಸರನ್ನು ಅದರ ಮನೆಯವರು ಕರೆಯುವಂತೆ ಸರಿಯಾಗಿ ಉಚ್ಚರಿಸುವುದು. ತಪ್ಪನ್ನು ಎಲ್ಲರೆದುರಿಗೆ ಎತ್ತಿ ಆಡದೆ ಬಳಿಗೆ ಹೋಗಿ ಮೆಲ್ಲಗೆ ಹೇಳುವುದು. ಆಜ್ಞೆಗೆ ಮೊದಲು ಪ್ರಶ್ನೆ: ಏನಾಯಿತು, ಇಂದು ಏನಾದರೂ ತೊಂದರೆಯಿದೆಯೆ? ಕೃತ್ಯವನ್ನು ಹೆಸರಿಸುವುದು, ವ್ಯಕ್ತಿಯನ್ನಲ್ಲ. "ಪುಸ್ತಕವನ್ನು ಎಸೆದೆ" ಎಂಬುದಕ್ಕೂ "ನೀನು ಒರಟು ಹುಡುಗಿ" ಎಂಬುದಕ್ಕೂ ಬಹಳ ಅಂತರವಿದೆ. ಕೇಶ, ಉಡುಪು, ಮೈಕಟ್ಟುಗಳ ಬಗ್ಗೆ ಟೀಕೆ ಮಾಡದಿರುವುದು. ಕಪ್ಪು ಬಾಲಕಿಯರ ಸಹಜ ಗುಂಗುರುಕೂದಲು, ಹೆಣಲುಗಳು ಶಾಲೆಯ ನಿಯಮಕ್ಕೆ ವಿರುದ್ಧವೆಂದು ಅವರನ್ನು ಹೊರಗೆ ಕಳುಹಿಸಿದ ಪ್ರಸಂಗಗಳು ಹೆಚ್ಚಾದುದರಿಂದ 2019ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿ ಕಾನೂನು ಮಾಡಿದ ಮೊದಲ ರಾಜ್ಯವಾಯಿತು. ಆಮೇಲೆ 20ಕ್ಕೂ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿವೆ. ಮತ್ತೊಂದು ಅಭ್ಯಾಸ, ಎರಡನೆಯ ತಪ್ಪಿನ ಎದುರಿನಲ್ಲಿ ನಿಂತು ಯೋಚಿಸುವುದು. 2015ರ ಒಂದು ಅಧ್ಯಯನದಲ್ಲಿ ಶಿಕ್ಷಕರಿಗೆ ಒಂದೇ ದಾಖಲೆಯನ್ನು ಹುಡುಗನ ಹೆಸರು ಮಾತ್ರ ಬದಲಿಸಿ ಕೊಟ್ಟಾಗ, ಮೊದಲ ತಪ್ಪಿನಲ್ಲಿ ಹೆಚ್ಚು ಭೇದ ಕಾಣಲಿಲ್ಲ. ಎರಡನೆಯ ತಪ್ಪಿಗೆ ಕಪ್ಪು ಹುಡುಗನೆಂದು ತೋರುವ ಹೆಸರಿದ್ದಾಗ ಶಿಕ್ಷಕರು ಹೆಚ್ಚು ಕಠಿಣರಾದರು. ಒಬ್ಬನ ಎರಡನೆಯ ತಪ್ಪು ಅವನ ಸ್ವಭಾವವಾಯಿತು, ಇನ್ನೊಬ್ಬನದು ಕೇವಲ ಎರಡನೆಯ ತಪ್ಪಾಗಿಯೇ ಉಳಿಯಿತು. ಕಡೆಯದಾಗಿ, ತಾವು ಅನ್ಯಾಯವಾಗಿ ಗದರಿಸಿದ್ದರೆ ಮಗುವಿನ ಬಳಿಗೆ ಹೋಗಿ ಕ್ಷಮೆ ಕೇಳುವುದು. ವರ್ಷಕ್ಕೊಮ್ಮೆ ಕಿರಿಯರ ಮುಂದೆಯೂ ಕೈಮುಗಿದು ಕ್ಷಮೆ ಕೇಳುವ ಸಂಪ್ರದಾಯದಲ್ಲಿ ಬೆಳೆದವರಿಗೆ ಇದರ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇವೆಲ್ಲ ಬರಿಯ ಶಿಷ್ಟಾಚಾರವಲ್ಲವೆ, ಇದರಿಂದ ಅಂತರಂಗ ಬದಲಾಗುತ್ತದೆಯೆ ಎಂದು ಕೇಳಬಹುದು. ಅಂತರಂಗ ಶುದ್ಧವಾದ ಮೇಲೆಯೇ ಮಾತನಾಡುತ್ತೇನೆಂದು ಕಾಯುವವನು ಮೂಕನಾಗಿಯೇ ಉಳಿಯುತ್ತಾನೆ. ನಿಯಮಪೂರ್ವಕವಾದ ಹೊರಗಿನ ಎಚ್ಚರವೇ ಕಾಲಕ್ರಮದಲ್ಲಿ ಒಳಗನ್ನು ತಿದ್ದುತ್ತದೆ. ವ್ರತಗಳ ಇಡೀ ಕಲ್ಪನೆ ನಿಂತಿರುವುದು ಈ ನಂಬಿಕೆಯ ಮೇಲೆಯೇ. ಹುಡುಗಿಗೆ ಉತ್ತರಿಸುವ ಮೊದಲು ಮೂರು ಉಸಿರು ತಡೆದು ನಿಲ್ಲುವ ಶಿಕ್ಷಕಿ, ಮೊದಲ ತಿಂಗಳಲ್ಲಿ ನಿಯಮಕ್ಕಾಗಿ ನಿಲ್ಲುತ್ತಾಳೆ. ಆ ಮೂರು ಉಸಿರುಗಳಲ್ಲಿ ಅವಳಿಗೆ ಹುಡುಗಿಯ ಮುಖ ಕಾಣತೊಡಗುತ್ತದೆ. ಅದುವರೆಗೆ ಅವಳು ಕಂಡದ್ದು ತನ್ನ ಊಹೆಯನ್ನು.

ಇನ್ನೊಂದು ಅಂಶವನ್ನು ಮರೆಯಬಾರದು. ಯಾರ ಬಗ್ಗೆ ಈ ತರಬೇತಿಯೋ ಆ ಬಾಲಕಿಯರ ಮಾತನ್ನೇ ಕೇಳದೆ ಅವರೊಡನೆ ಮಾತನಾಡುವುದನ್ನು ಕಲಿಸುವುದು ವಿಪರ್ಯಾಸ. ಮೋನಿಕ್ ಮಾರಿಸ್ 2016ರಲ್ಲಿ ಪ್ರಕಟಿಸಿದ ಗ್ರಂಥದ ಬಲವಿರುವುದು, ಶಾಲೆಯಿಂದ ಹೊರದೂಡಲ್ಪಟ್ಟ ಬಾಲಕಿಯರ ಬಳಿ ಕುಳಿತು ಅವರ ಮಾತನ್ನು ಆಲಿಸಿದ್ದರಲ್ಲಿ. ಜಾರ್ಜ್‌ಟೌನ್ ಕೇಂದ್ರವೂ 2019ರಲ್ಲಿ ಕಪ್ಪು ಬಾಲಕಿಯರು ಮತ್ತು ಮಹಿಳೆಯರ ಅನುಭವವನ್ನು ಅವರಿಂದಲೇ ಕೇಳಿ ಎರಡನೆಯ ವರದಿಯನ್ನು ಹೊರತಂದಿತು. ಒಂದು ವಸ್ತುವಿಗೆ ಹಲವು ಮುಖಗಳಿವೆ, ಒಂದೆಡೆ ನಿಂತವನಿಗೆ ಎಲ್ಲವೂ ಕಾಣುವುದಿಲ್ಲ ಎಂಬ ಅನೇಕಾಂತದ ತಿಳಿವಳಿಕೆ ಇಲ್ಲಿ ತತ್ತ್ವಚರ್ಚೆಯ ವಿಷಯವಾಗಿ ಉಳಿಯದೆ ತರಗತಿಯ ನಿತ್ಯದ ಅವಶ್ಯಕತೆಯಾಗುತ್ತದೆ.

ಮಾತಿನಿಂದಲೇ ಎಲ್ಲವೂ ಸರಿಹೋಗುತ್ತದೆಂದು ಹೇಳುವುದೂ ಅತಿಶಯೋಕ್ತಿ. ಶಾಲೆಯ ನಿಯಮ, ಪೊಲೀಸರ ಇರುವಿಕೆ, ಶಿಕ್ಷಕರ ಮೇಲಿನ ಕೆಲಸದ ಭಾರ, ಸರ್ಕಾರದ ನೀತಿ ಇವೆಲ್ಲ ಸೇರಿ ಮಗುವಿನ ಪಾಲನ್ನು ನಿರ್ಧರಿಸುತ್ತವೆ. ಶಿಸ್ತಿನ ಕ್ರಮದಲ್ಲಿ ಜನಾಂಗಭೇದ ಬಾರದಂತೆ ನೋಡಿಕೊಳ್ಳಲು 2014ರಲ್ಲಿ ಕೇಂದ್ರ ಸರ್ಕಾರವು ಶಾಲೆಗಳಿಗೆ ಸೂಚನೆ ಕೊಟ್ಟಿತು. 2018ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. 2025ರ ಏಪ್ರಿಲ್‌ನಲ್ಲಿ ಹೊರಟ ಅಧ್ಯಕ್ಷರ ಆದೇಶವು ಅಂಥ ದೃಷ್ಟಿಗೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ಒಬ್ಬ ಶಿಕ್ಷಕಿಯ ದಯೆ ನ್ಯಾಯದ ಬದಲಿಗೆ ನಿಲ್ಲಲಾರದು. ಹಾಗೆಂದು ನ್ಯಾಯ ಬರುವವರೆಗೆ ದಯೆಯನ್ನು ಮುಂದೂಡುವುದೂ ಸಲ್ಲದು. ಆಜ್ಞೆಗಳು ಸರ್ಕಾರದೊಡನೆ ಬದಲಾಗುತ್ತವೆ; ನಾಳೆ ಬೆಳಿಗ್ಗೆ ಎದುರು ಬೆಂಚಿನಲ್ಲಿ ಕುಳಿತಿರುವ ಮಗುವಿಗೆ ಏನು ಹೇಳಬೇಕೆಂಬುದು ಶಿಕ್ಷಕರ ಕೈಯಲ್ಲಿಯೇ ಇರುತ್ತದೆ.

ಈ ವಿಚಾರವು ಜೈನ ಕುಟುಂಬಗಳಿಗೆ ಅಷ್ಟೇನೂ ದೂರದ್ದಲ್ಲ. ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳು ಇದೇ ಶಾಲೆಗಳಲ್ಲಿ, ಇದೇ ಬಾಲಕಿಯರ ಪಕ್ಕದ ಬೆಂಚಿನಲ್ಲಿ ಓದುತ್ತಾರೆ. ಸಹಪಾಠಿನಿಯನ್ನು ತರಗತಿಯಿಂದ ಹೊರಗೆ ಕಳುಹಿಸಿದ ದಿನ ಆ ಮಕ್ಕಳು ಮನೆಗೆ ಬಂದು ಅದನ್ನು ಹೇಳುತ್ತಾರೆ. ಊಟದ ಹೊತ್ತಿನಲ್ಲಿ ಹಿರಿಯರು "ಅವರು ಇರುವುದೇ ಹಾಗೆ" ಎಂದು ಒಂದು ಮಾತು ಆಡಬಹುದು, "ಆ ಹುಡುಗಿ ಏನು ಹೇಳಲು ಹೊರಟಿದ್ದಳು?" ಎಂದು ಒಂದು ಪ್ರಶ್ನೆ ಕೇಳಲೂಬಹುದು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದರಲ್ಲಿ, ನೀರನ್ನು ಸೋಸಿ ಕುಡಿಯುವುದರಲ್ಲಿ ಇರುವ ಎಚ್ಚರವು ಆ ಒಂದು ಮಾತಿನಲ್ಲಿ ತಪ್ಪಿಹೋದರೆ, ಕಣ್ಣಿಗೆ ಕಾಣದ ಜೀವಿಗೆ ದೊರೆತ ಕರುಣೆ ಕಣ್ಣೆದುರಿನ ಮಗುವಿಗ ದೊರೆಯದೆ ಹೋದಂತಾಗುತ್ತದೆ. ಶಾಲೆ, ಪಾಠಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ವಿಶ್ವಸ್ತ ಮಂಡಳಿಗಳೂ ತಮ್ಮ ಶಿಕ್ಷಕರ ವಿದ್ಯಾರ್ಹತೆಯನ್ನು ವಿಚಾರಿಸುವಷ್ಟೇ ಕಾಳಜಿಯಿಂದ ಅವರ ನುಡಿಯ ರೀತಿಯನ್ನು ವಿಚಾರಿಸಬೇಕು. ಯಾವ ಮಗುವನ್ನು ಹೆಚ್ಚಾಗಿ ಹೊರಗೆ ನಿಲ್ಲಿಸಲಾಗುತ್ತಿದೆ, ಏಕೆ ಎಂಬ ಲೆಕ್ಕವನ್ನು ಇಡಬೇಕು. ಪ್ರಮಾದವನ್ನು ಗೆಲ್ಲುವ ಸಾಧನೆ ಇಂಥ ಸಣ್ಣ ಲೆಕ್ಕಗಳಿಂದಲೇ ಮೊದಲಾಗುತ್ತದೆ.